ಉಪಚಾರ ಕೊಡಿಸದೆ, ಸುದ್ದಿ ತಿಳಿಸದೆ: ಠಾಣೆಯ ಒಂದು ವಾಕ್ಯದ ಹಿನ್ನೆಲೆ

ಹುಬ್ಬಳ್ಳಿ-ಧಾರವಾಡದಲ್ಲಿ ಬೆಳಗಿನ ಪತ್ರಿಕೆಯ ಅಪರಾಧ ಸುದ್ದಿ ಓದುವವರಿಗೆ ಈ ವಾಕ್ಯ ಬಾಯಿಪಾಠವಾಗಿರುತ್ತದೆ: ‘ಸದರಿ ಚಾಲಕನು ಅತಿವೇಗ ಹಾಗೂ ಅಜಾಗರೂಕತೆಯಿಂದ ವಾಹನ ಚಲಾಯಿಸಿ, ರಸ್ತೆ ದಾಟುತ್ತಿದ್ದವರಿಗೆ ಡಿಕ್ಕಿಪಡಿಸಿ, ಗಾಯಾಳುವಿಗೆ ಉಪಚಾರ ಕೊಡಿಸದೆ, ಠಾಣೆಗೆ ಸುದ್ದಿ ತಿಳಿಸದೆ ಪರಾರಿಯಾಗಿದ್ದು...’ ಠಾಣೆಯ ಬರಹಗಾರರ ಕೈಯಲ್ಲಿ ಇದು ಎಷ್ಟು ಸವೆದಿದೆಯೆಂದರೆ, ಊರು, ಹೆಸರು, ಗಾಡಿಯ ನಂಬರು ಬದಲಾಯಿಸಿದರೆ ಸಾಕು, ಹೊಸ ಪ್ರಕರಣ ಸಿದ್ಧ. ನಾನು ಬಹಳ ವರ್ಷ ಇದನ್ನು ಸರ್ಕಾರಿ ಕನ್ನಡದ ಒಂದು ಅಲಂಕಾರವೆಂದೇ ಓದುತ್ತಿದ್ದೆ. ಒಮ್ಮೆ ಕಾಯ್ದೆಯ ಪುಸ್ತಕ ಪಕ್ಕಕ್ಕಿಟ್ಟುಕೊಂಡು ನೋಡಿದಾಗ ಇದರಲ್ಲಿ ಒಂದು ಪದವೂ ದಂಡವಲ್ಲವೆಂದು ತಿಳಿಯಿತು. ‘ಅತಿವೇಗ, ಅಜಾಗರೂಕತೆ’ ಎಂಬುದು ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ. ‘ಉಪಚಾರ ಕೊಡಿಸದೆ’ ಎಂಬುದು ಮೋಟಾರು ವಾಹನ ಕಾಯ್ದೆಯ 134ನೇ ಕಲಂನ ಮೊದಲ ಭಾಗ, ‘ಸುದ್ದಿ ತಿಳಿಸದೆ’ ಎಂಬುದು ಅದರ ಎರಡನೆಯ ಭಾಗ. ಎರಡನ್ನೂ ಮುರಿದವನಿಗೆ ಶಿಕ್ಷೆ 187ನೇ ಕಲಂನಲ್ಲಿದೆ. ಈ ಎರಡು ‘ದೆ’ಗಳು ಕಾನೂನಿನೊಳಗೆ ಬಂದ ಬಗೆ ಸ್ವಾರಸ್ಯಕರವಾಗಿದೆ.

ಅದಕ್ಕೂ ಮೊದಲು ಒಂದು ಸಂಜೆಯ ಮಾತು. ನವನಗರದ ಹತ್ತಿರ, ಮಳೆ ನಿಂತು ಅರ್ಧ ತಾಸಾಗಿತ್ತು. ಬಸ್ಸಿಗೇ ಪ್ರತ್ಯೇಕ ಪಥವಿರುವ ಬಿಆರ್‌ಟಿಎಸ್ ರಸ್ತೆಯಲ್ಲಿ ನಿಲ್ದಾಣವಿರುವುದು ನಟ್ಟನಡುವೆ. ಚಿಗರಿ ಬಸ್ ಇಳಿದವರು ಅಂಚಿಗೆ ಸೇರಬೇಕಾದರೆ ಕಾರು, ಬೈಕು, ಲಾರಿಗಳ ಸಾಲನ್ನು ದಾಟಲೇಬೇಕು. ಕೈಚೀಲ ಹಿಡಿದ ಹಿರಿಯರೊಬ್ಬರು ಹಾಗೆ ದಾಟುವಾಗ ಬೈಕ್ ತಾಗಿ ಬಿದ್ದರು. ಚೀಲದಲ್ಲಿದ್ದ ಬದನೆಕಾಯಿಗಳು ಒದ್ದೆ ಡಾಂಬರಿನ ಮೇಲೆ ಉರುಳಿದವು. ಇಪ್ಪತ್ತರ ಆಸುಪಾಸಿನ ಹುಡುಗ ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಹಿರಿಯರ ಕಡೆಗೆ ಬಗ್ಗಿದ. ಅಷ್ಟರಲ್ಲಿ ಹಿಂದಿನಿಂದ ಒಬ್ಬರು ಅವನ ಕಪಾಳಕ್ಕೆ ಬಾರಿಸಿದರು. ಬಾರಿಸಿದವರು ಅಪಘಾತವನ್ನು ನೋಡಿರಲಿಲ್ಲ. ಆಗಷ್ಟೇ ಚಹಾ ಅಂಗಡಿಯಿಂದ ಎದ್ದು ಬಂದಿದ್ದರು. ‘ಹೆಲ್ಮೆಟ್ ತೆಗೆಯದೆ ಹೋಗಿದ್ದರೆ ಉಳಿಯುತ್ತಿದ್ದ’ ಎಂದು ನನ್ನ ಪಕ್ಕದವರು ಗೊಣಗಿದರು. ಕೊನೆಗೆ ಆಟೊ ಚಾಲಕರೊಬ್ಬರು ಎಲ್ಲರಿಗೂ ಸೇರಿಸಿ ಬೈದು, ಹಿರಿಯರನ್ನು ಹಿಂದಿನ ಸೀಟಿಗೆ ಏರಿಸಿ, ಹುಡುಗನನ್ನು ತಮ್ಮ ಪಕ್ಕ ಕೂರಿಸಿಕೊಂಡು ಆಸ್ಪತ್ರೆಯ ಕಡೆ ಹೊರಟರು. 134ನೇ ಕಲಂ ಹೆಸರು ಇಬ್ಬರೂ ಕೇಳಿರಲಾರರು, ಆದರೆ ಅದು ಹೇಳುವುದನ್ನೇ ಮಾಡಿದರು.

ಅಜಾಗರೂಕತೆಯ ಅಪರಾಧ ಮೋಟಾರಿಗಿಂತ ಹಳೆಯದು. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಸಾರ್ವಜನಿಕ ದಾರಿಯಲ್ಲಿ ಬೇಕಾಬಿಟ್ಟಿ ವಾಹನ ಓಡಿಸುವುದಕ್ಕೆ 279ನೇ ಕಲಂ ಇತ್ತು. ಆಗ ಧಾರವಾಡದ ರಸ್ತೆಯಲ್ಲಿ ಓಡುತ್ತಿದ್ದುದು ಚಕ್ಕಡಿ, ಟಾಂಗಾ ಮತ್ತು ಕುದುರೆ. ನಿರ್ಲಕ್ಷ್ಯದಿಂದ ಸಾವು ತಂದವನಿಗೆ ಶಿಕ್ಷೆ ಹೇಳುವ 304ಎ ಕಲಂ ಸೇರಿದ್ದು 1870ರಲ್ಲಿ. ಅದರ ಗರಿಷ್ಠ ಶಿಕ್ಷೆಯಾದ ಎರಡು ವರ್ಷ ಮುಂದೆ ಒಂದೂವರೆ ಶತಮಾನ ಕದಲಲಿಲ್ಲ. ಆದರೆ ಗುದ್ದಿದ ಮೇಲೆ ಚಾಲಕ ಏನು ಮಾಡಬೇಕು ಎಂಬ ಬಗ್ಗೆ ದಂಡ ಸಂಹಿತೆ ಮೌನವಾಗಿತ್ತು. ಚಕ್ಕಡಿಯವನು ಓಡಿ ಹೋದರೂ ಎಷ್ಟು ದೂರ ಹೋದಾನು?

ಮೋಟಾರು ಬಂದ ಮೇಲೆ ಈ ಪ್ರಶ್ನೆ ಎದ್ದಿತು. ಗದಗ, ಹಾವೇರಿಗಳೂ ಧಾರವಾಡ ಜಿಲ್ಲೆಯೊಳಗೇ ಇದ್ದು, ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1914ರಲ್ಲಿ, ದೇಶದ ಮೊದಲ ಮೋಟಾರು ವಾಹನ ಕಾಯ್ದೆ ಬಂತು. ಅಪಘಾತವಾಯಿತೆಂದು ಗೊತ್ತಾದರೆ ಗಾಡಿ ನಿಲ್ಲಿಸು, ಹೆಸರು ವಿಳಾಸ ಕೊಡು ಎಂಬಷ್ಟು ಅದರ ಬೇಡಿಕೆ. ಬಿದ್ದವನನ್ನು ಎತ್ತು ಎಂಬ ಮಾತು ಬಂದದ್ದು 1939ರ ಕಾಯ್ದೆಯ 89ನೇ ಕಲಂನಲ್ಲಿ. ವೈದ್ಯಕೀಯ ನೆರವು ಸಿಗುವಂತೆ ನೋಡಿಕೊಳ್ಳಬೇಕು, ಅಗತ್ಯವಿದ್ದರೆ ಹತ್ತಿರದ ಆಸ್ಪತ್ರೆಗೆ ಒಯ್ಯಬೇಕು, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ತಾಸಿನೊಳಗೆ ಹತ್ತಿರದ ಠಾಣೆಗೆ ವರದಿ ಕೊಡಬೇಕು. ಠಾಣೆ ಹತ್ತಾರು ಮೈಲಿ ದೂರವಿದ್ದು, ದೂರವಾಣಿ ಅಪರೂಪವಾಗಿದ್ದ ಕಾಲದ ಗಡುವು ಅದು. ಪ್ರತಿಯೊಬ್ಬರ ಜೇಬಿನಲ್ಲಿ ಮೊಬೈಲ್ ಇರುವ ಇಂದೂ ಅದೇ 24 ತಾಸು ಉಳಿದಿದೆ. ಕುಡಿದು ಗುದ್ದಿದವನು ಅಮಲು ಇಳಿಯುವ ತನಕ ಮನೆಯಲ್ಲಿದ್ದು, ಮರುದಿನ ಇಸ್ತ್ರಿ ಅಂಗಿ ತೊಟ್ಟು ಠಾಣೆಗೆ ಬರಲು ಈ ಗಡುವು ಚೆನ್ನಾಗಿ ಒದಗುತ್ತದೆ ಎಂಬುದು ನನ್ನ ತಕರಾರು. ‘ಆದಷ್ಟು ಬೇಗ’ ಎಂಬ ಮೊದಲ ಷರತ್ತು ಯಾರ ನೆನಪಿನಲ್ಲೂ ಇರುವುದಿಲ್ಲ.

1939ರ ಕಾಯ್ದೆಯ ಜಾಗಕ್ಕೆ ಬಂದ 1988ರ ಕಾಯ್ದೆ 1989ರ ಜುಲೈ 1ರಿಂದ ಜಾರಿಯಲ್ಲಿದೆ. 89ನೇ ಕಲಂ ಇಲ್ಲಿ 134 ಆಯಿತು. ಅದನ್ನು ಇಂದು ಓದುವವರ ಕಣ್ಣು ಮೊದಲ ಸಾಲಿನಲ್ಲೇ ತಡೆಯುತ್ತದೆ: ಗುಂಪಿನ ರೋಷದಿಂದ ಅಥವಾ ಕೈಮೀರಿದ ಬೇರೆ ಕಾರಣದಿಂದ ಸಾಧ್ಯವಾಗದಿದ್ದರೆ ಹೊರತು, ಚಾಲಕ ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು. ನಮ್ಮ ಜನ ಚಾಲಕನನ್ನು ಹಿಡಿದು ಹೊಡೆಯುತ್ತಾರೆ ಎಂಬುದನ್ನು ಸಂಸತ್ತೇ ಕಾಯ್ದೆಯ ಪಠ್ಯದಲ್ಲಿ ಬರೆದಿಟ್ಟುಕೊಂಡಿದೆ! ಕಾನೂನು ತನ್ನ ಪ್ರಜೆಗಳ ಬಗ್ಗೆ ಇಷ್ಟು ನಿಷ್ಠುರವಾಗಿ ಮಾತಾಡುವುದು ಅಪರೂಪ.

ಈ ಸಾಲನ್ನು ಓಡಿಹೋಗಲು ಕೊಟ್ಟ ರಹದಾರಿ ಎಂದು ಓದುವವರಿದ್ದಾರೆ. ಅದು ಹಾಗಿಲ್ಲ. ಗುಂಪಿನ ಭಯದಿಂದ ಸ್ಥಳ ಬಿಟ್ಟವನು ಠಾಣೆಗೆ ಹೋಗಲೇಬೇಕು, ಮತ್ತು ಚಿಕಿತ್ಸೆ ಕೊಡಿಸಲು ಆಗದ ಕಾರಣವನ್ನೂ ಅಲ್ಲಿಯೇ ಹೇಳಬೇಕು ಎಂದು ಮುಂದಿನ ಭಾಗ ಕಟ್ಟಿಹಾಕಿದೆ. ಉಣಕಲ್ಲಿನಲ್ಲಿ ಗುದ್ದಿ, ಜನ ಸೇರಿದ್ದನ್ನು ಕಂಡು, ನೇರವಾಗಿ ಠಾಣೆಯ ಮುಂದೆ ಗಾಡಿ ನಿಲ್ಲಿಸಿದವನೂ, ಅದೇ ಭಯ ಹೇಳಿ ಗಾಡಿಯನ್ನು ಬಂಧುಗಳ ಹೊಲದ ಮನೆಯಲ್ಲಿ ತಾಡಪತ್ರಿ ಹೊದಿಸಿ ಇಟ್ಟವನೂ ಜನರ ಬಾಯಲ್ಲಿ ಒಂದೇ, ‘ಓಡಿಹೋದ’. ಕಾನೂನಿನ ಕಣ್ಣಿಗೆ ಇಬ್ಬರೂ ಬೇರೆ ಬೇರೆ. ಈ ಕಲಂನಲ್ಲಿ ಚಾಲಕ ಎಂದರೆ ಮಾಲೀಕನೂ ಸೇರುತ್ತಾನೆ ಎಂಬ ವಿವರಣೆ ಕೊನೆಯಲ್ಲಿದೆ, ಲಾರಿ ಮಾಲೀಕರು ಸಾಮಾನ್ಯವಾಗಿ ಅಲ್ಲಿಯವರೆಗೆ ಓದಿರುವುದಿಲ್ಲ. ಚಾಲಕ ಯಾರೆಂದು ಪೊಲೀಸರು ಕೇಳಿದರೆ ಮಾಲೀಕ ಹೇಳಲೇಬೇಕೆಂದು 133ನೇ ಕಲಂ ಬೇರೆ ಇದೆ. 132ರಲ್ಲಿ ಇನ್ನೊಂದು ಮರ್ಯಾದೆಯ ನಿಯಮವಿದೆ. ಅಪಾಯಕಾರಿ ಚಾಲನೆಯ ಆರೋಪ ಮಾಡುವವರು ಮೊದಲು ತಮ್ಮ ಹೆಸರು, ವಿಳಾಸ ಹೇಳಿ ಕೇಳಿದರೆ ಚಾಲಕನೂ ತನ್ನದನ್ನು ಹೇಳಬೇಕು. ನವನಗರದ ಆ ಸಂಜೆ ಹೆಸರು ಕೇಳಿದವರು ಯಾರೂ ಇರಲಿಲ್ಲ.

ಆಸ್ಪತ್ರೆಯ ಬಾಗಿಲಿನದು ಇನ್ನೊಂದು ಕಥೆ. ‘ಇದು ಪೊಲೀಸ್ ಕೇಸು, ದೊಡ್ಡಾಸ್ಪತ್ರೆಗೆ ಒಯ್ಯಿರಿ’ ಎಂಬ ಮಾತು ಒಂದು ಕಾಲದಲ್ಲಿ ದೇಶದ ಎಲ್ಲ ಕಡೆ ಕೇಳುತ್ತಿತ್ತು. ಕಾರು ಗುದ್ದಿದ ಸ್ಕೂಟರ್ ಸವಾರರೊಬ್ಬರನ್ನು ಹತ್ತಿರದ ಆಸ್ಪತ್ರೆ ಹೀಗೆಯೇ ಇಪ್ಪತ್ತು ಕಿಲೋಮೀಟರ್ ಆಚೆ ಕಳಿಸಿ, ಅವರು ದಾರಿಯಲ್ಲೇ ಸತ್ತ ಪ್ರಸಂಗ ಪರಮಾನಂದ ಕಟಾರಾ ಪ್ರಕರಣವಾಗಿ ಸುಪ್ರೀಂ ಕೋರ್ಟ್ ಮುಟ್ಟಿತು. ಜೀವ ಉಳಿಸುವುದು ಮೊದಲು, ಕಾಗದಪತ್ರ ಆಮೇಲೆ ಎಂದು ನ್ಯಾಯಾಲಯ 1989ರ ಆಗಸ್ಟ್‌ನಲ್ಲಿ ಹೇಳಿತು. 1994ರ ತಿದ್ದುಪಡಿಯಲ್ಲಿ ಅದು 134ನೇ ಕಲಂನೊಳಗೇ ಬಂತು. ಗಾಯಾಳುವನ್ನು ಹತ್ತಿರದ ವೈದ್ಯರಲ್ಲಿಗೆ ಒಯ್ಯುವುದು ಚಾಲಕನ ಕರ್ತವ್ಯ, ವಿಧಿವಿಧಾನಕ್ಕೆ ಕಾಯದೆ ಚಿಕಿತ್ಸೆ ಆರಂಭಿಸುವುದು ವೈದ್ಯರ ಕರ್ತವ್ಯ. ಎರಡೂ ಒಂದೇ ವಾಕ್ಯದಲ್ಲಿವೆ.

ಎತ್ತಿಕೊಂಡು ಬಂದ ಆ ಆಟೊ ಚಾಲಕರಂಥವರ ರಕ್ಷಣೆ ತಡವಾಗಿ ಬಂತು. ಸಾಕ್ಷಿಯಾಗು ಎಂದು ಅವರನ್ನು ಬಲವಂತ ಮಾಡುವಂತಿಲ್ಲ, ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ ಎಂಬ ಕೇಂದ್ರದ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ಕಾನೂನಿನ ಬಲ ಕೊಟ್ಟಿತು. ಇಂಥವರಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದೇ. 2019ರ ತಿದ್ದುಪಡಿಯಲ್ಲಿ 134ಎ ಎಂಬ ಹೊಸ ಕಲಂ ಸೇರಿ ಇಡೀ ದೇಶಕ್ಕೆ ಅನ್ವಯವಾಯಿತು. ಆದರೂ ‘ಮುಟ್ಟಿದರೆ ಕೇಸು ನಮ್ಮ ಮೇಲೆ’ ಎಂಬ ಮಾತು ಈಗಲೂ ರಸ್ತೆಯ ಬದಿ ಕೇಳುತ್ತದೆ. ದುಡ್ಡಿನ ಪ್ರಶ್ನೆಗೆ ರಾಜ್ಯ 2016ರಲ್ಲಿ ಸಾಂತ್ವನ ಹರೀಶ್ ಯೋಜನೆ ತಂದು, ಮೊದಲ 48 ತಾಸಿನ ಚಿಕಿತ್ಸೆಗೆ 25,000 ರೂಪಾಯಿವರೆಗೆ ಕೊಡುವುದಾಗಿ ಹೇಳಿತು. ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆ 2025ರ ಮೇ ತಿಂಗಳಲ್ಲಿ ಬಂತು, ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ.

ಶಿಕ್ಷೆಯ ಲೆಕ್ಕ ನೋಡಿದರೆ ಮಾತ್ರ ನಗು ಬರುತ್ತದೆ. ಉಪಚಾರವಿಲ್ಲ, ಸುದ್ದಿಯಿಲ್ಲ ಎಂಬ ಅಪರಾಧಕ್ಕೆ 187ನೇ ಕಲಂನಲ್ಲಿ ಮೂರು ತಿಂಗಳು ಅಥವಾ 500 ರೂಪಾಯಿ ದಂಡವಿತ್ತು. 2019ರಲ್ಲಿ ಅದು ಆರು ತಿಂಗಳು, 5,000 ರೂಪಾಯಿ ಆಯಿತು, ಎರಡನೇ ಸಲಕ್ಕೆ ಒಂದು ವರ್ಷ, 10,000. ಅಲ್ಲಿಂದ ಹೊಸ ನ್ಯಾಯ ಸಂಹಿತೆ ಒಮ್ಮೆಲೇ ಹಾರಿತು. ನಿರ್ಲಕ್ಷ್ಯದ ಸಾವಿಗೆ 106ನೇ ಕಲಂನ ಮೊದಲ ಉಪಕಲಂ ಎರಡು ವರ್ಷದ ಬದಲು ಐದು ವರ್ಷ ಎಂದಿತು. ಸಾವಿಗೆ ಕಾರಣನಾಗಿ, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ಕೂಡಲೇ ತಿಳಿಸದೆ ತಪ್ಪಿಸಿಕೊಂಡವನಿಗೆ ಎರಡನೇ ಉಪಕಲಂ ಹತ್ತು ವರ್ಷ ಎಂದಿತು. 2024ರ ಹೊಸ ವರ್ಷದ ದಿನವೇ ದೇಶದ ಹಲವೆಡೆ ಲಾರಿಗಳು ನಿಂತವು. ನಿಂತರೆ ಜನ ಕೊಲ್ಲುತ್ತಾರೆ, ಹೋದರೆ ಹತ್ತು ವರ್ಷ ಜೈಲು ಎಂಬುದು ಚಾಲಕರ ಮಾತು. ಸಿಟ್ಟಿನಲ್ಲಿ ನ್ಯಾಯವಿತ್ತು, ಓದಿನಲ್ಲಿ ತಪ್ಪಿತ್ತು: ಆ ಉಪಕಲಂ ಸ್ಥಳದಲ್ಲೇ ನಿಲ್ಲು ಎನ್ನುವುದಿಲ್ಲ, ತಿಳಿಸು ಎನ್ನುತ್ತದೆ. ಜನವರಿ 2ರಂದು ಗೃಹ ಕಾರ್ಯದರ್ಶಿ ಸಾರಿಗೆ ಸಂಘಟನೆಯ ಜೊತೆ ಮಾತಾಡಿದರು. ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬರುತ್ತದೆಂದು ಫೆಬ್ರುವರಿಯಲ್ಲಿ ಹೊರಟ ಅಧಿಸೂಚನೆ ಇದೊಂದು ಉಪಕಲಂನ್ನು ಹೊರಗಿಟ್ಟಿತು. ಜಾರಿಯಾದ ಮೊದಲ ಉಪಕಲಂ ಜಾಮೀನು ಕೊಡಬಹುದಾದ ಅಪರಾಧ. ‘ಠಾಣೆಗೆ ಹೋದರೆ ಒಳಗೆ ಹಾಕುತ್ತಾರೆ’ ಎಂದು ಹೆದರಿ ಗಾಡಿ ಬಚ್ಚಿಡುವವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಹಾಗೆ ಬಚ್ಚಿಟ್ಟ ಗಾಡಿಯ ಬೆಲೆ ತೆರುವವರು ಬಿದ್ದವರ ಮನೆಯವರು. ಗಾಡಿ ತಾಗಿದ ಹೊರಗಿನವರಿಗೆ ಪರಿಹಾರ ಕೊಡುವ ಮೂರನೆಯವರ (ಥರ್ಡ್ ಪಾರ್ಟಿ) ವಿಮೆ ಕಡ್ಡಾಯವಾದದ್ದು 1939ರ ಕಾಯ್ದೆಯಲ್ಲಿ. ಆ ಅಧ್ಯಾಯ ಜಾರಿಗೆ ಬಂದದ್ದು 1946ರ ಜುಲೈನಲ್ಲಿ. ಪಾಲಿಸಿ ನಂಬರು, ಅಪಘಾತದ ದಿನ, ವೇಳೆ, ಸ್ಥಳ, ಗಾಯಾಳುವಿನ ವಿವರ, ಲೈಸೆನ್ಸಿನ ವಿವರ ಬರೆದು ವಿಮಾ ಕಂಪನಿಗೆ ಕೊಡುವುದೂ ಚಾಲಕನ ಕರ್ತವ್ಯವೆಂದು 134ರ ಮೂರನೇ ಭಾಗ ಹೇಳುತ್ತದೆ. ಠಾಣೆಯ ಆ ಪ್ರಸಿದ್ಧ ವಾಕ್ಯದಲ್ಲಿ ಇದಕ್ಕೆ ಜಾಗ ಸಿಕ್ಕಿಲ್ಲ. ಗಾಡಿ ಪತ್ತೆಯಾದರೆ ದುಡಿಯುವ ವಯಸ್ಸು, ಗಳಿಕೆ, ಅವಲಂಬಿತರ ಲೆಕ್ಕ ಹಾಕಿ ಮೋಟಾರು ಅಪಘಾತ ನ್ಯಾಯಮಂಡಳಿ ಪರಿಹಾರ ನಿಗದಿ ಮಾಡುತ್ತದೆ. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್‌ನಲ್ಲಿ ರಾತ್ರಿ ‘ಅಪರಿಚಿತ ವಾಹನ’ ಬಡಿದು ಹೋಯಿತೆಂದರೆ ಆ ಲೆಕ್ಕವೇ ಶುರುವಾಗುವುದಿಲ್ಲ. ಉಳಿಯುವುದು ಸರ್ಕಾರದ ನಿಗದಿತ ಮೊತ್ತ: 1982ರಲ್ಲಿ ಸಾವಿಗೆ 5,000 ರೂಪಾಯಿ, 1988ರ ಕಾಯ್ದೆಯಲ್ಲಿ 8,500, 1994ರಿಂದ 25,000. 2022ರ ಏಪ್ರಿಲ್‌ನಿಂದ ಎರಡು ಲಕ್ಷ, ತೀವ್ರ ಗಾಯಕ್ಕೆ 50,000.

ಅದನ್ನೂ ಕೇಳುವವರಿಲ್ಲ. 2022ರಲ್ಲಿ ದೇಶದಲ್ಲಿ ಗುದ್ದಿ ಪರಾರಿಯಾದ ಪ್ರಕರಣಗಳು 67,387. 2022-23ರಲ್ಲಿ ಪರಿಹಾರ ಕೋರಿ ಬಂದ ಅರ್ಜಿಗಳು 205, ಇತ್ಯರ್ಥವಾದವು 95. 2024ರ ಜನವರಿಯಲ್ಲಿ ಈ ಅಂಕಿಗಳನ್ನು ಮುಂದಿಟ್ಟುಕೊಂಡ ಸುಪ್ರೀಂ ಕೋರ್ಟ್, ಅಪಘಾತದ ವರದಿ ದಾಖಲಾಗಿ ಒಂದು ತಿಂಗಳೊಳಗೆ ವಾಹನದ ವಿವರ ಸಿಗದಿದ್ದರೆ, ಈ ಯೋಜನೆಯಡಿ ಪರಿಹಾರ ಕೇಳಬಹುದೆಂದು ಠಾಣಾಧಿಕಾರಿಯೇ ಗಾಯಾಳುವಿಗೆ ಅಥವಾ ಸತ್ತವರ ವಾರಸುದಾರರಿಗೆ ಬರಹದಲ್ಲಿ ತಿಳಿಸಬೇಕೆಂದು ಆದೇಶಿಸಿತು. ಹುಬ್ಬಳ್ಳಿಯಾಗಲಿ, ಗದಗಾಗಲಿ, ಬ್ಯಾಡಗಿಯಾಗಲಿ, ತಿಂಗಳು ಕಳೆದರೂ ಆ ಪತ್ರ ಬಾರದಿದ್ದರೆ ಠಾಣೆಗೆ ಹೋಗಿ ಅದನ್ನು ಕೇಳಿ ಪಡೆಯಬಹುದು.