ಸರ್ಕಲ್ಲಿನಲ್ಲಿ ಆಫ್ ಆಗುವ ಪದ್ಮಿನಿ

ಚಿತ್ರದುರ್ಗದಿಂದ ದಾವಣಗೆರೆವರೆಗೆ ಹೈವೇಯಲ್ಲಿ ಸಲೀಸಾಗಿ ಬರುವ ಹಳೆಯ ಪದ್ಮಿನಿ ಕಾರು, ಊರೊಳಗೆ ಬಂದು ಗಾಂಧಿ ಸರ್ಕಲ್ಲಿನಲ್ಲಿ ನಿಂತ ಕೂಡಲೇ ಆಫ್ ಆಗುತ್ತದೆ. ಪ್ಲಗ್ ಬದಲಾಯಿಸಿ, ಕಿಡಿಗೆ ಸ್ವಿಚ್ಚಿನಂತಿರುವ ಪಾಯಿಂಟ್ ತಿಕ್ಕಿ, ಪೆಟ್ರೋಲ್ ಹಾಯುವ ಸಣ್ಣ ಜೆಟ್ ಊದಿ ನೋಡಿದರೂ ಅದೇ ಕತೆ. ಬಹಳ ಸಲ ಕಳ್ಳ ಅಡಗಿರುವುದು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಥ್ರಾಟಲ್ ಶಾಫ್ಟಿನಲ್ಲಿ.

ಆಕ್ಸಿಲರೇಟರ್ ತುಳಿದಾಗ ಗಾಳಿಗೆ ದಾರಿ ಬಿಡುವ ದುಂಡನೆಯ ತಗಡು ಕೂತಿರುವುದು ಈ ಶಾಫ್ಟಿನ ಮೇಲೆ. ಸ್ಪ್ರಿಂಗು ಅದನ್ನು ಸದಾ ಒಂದೇ ಕಡೆಗೆ ಎಳೆಯುತ್ತಿರುತ್ತದೆ. ಹಾಗಾಗಿ ಶಾಫ್ಟ್ ಕೂರುವ ತೂತು ಸುತ್ತಲೂ ಸಮನಾಗಿ ಸವೆಯುವುದಿಲ್ಲ, ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

8 ಮಿ.ಮೀ. ಶಾಫ್ಟಿಗೆ 0.2 ಮಿ.ಮೀ. ಪ್ಲೇ, ಅಂದರೆ ಸಡಿಲ, ಇದೆ ಎನ್ನೋಣ. ಕೈಯಲ್ಲಿ ಅಲ್ಲಾಡಿಸಿದರೆ ಸಣ್ಣಗೆ ಕಟಕಟ ಅನ್ನುತ್ತದೆ, ಅಷ್ಟೇ ಅಲ್ವಾ? ಆದರೆ ಸುತ್ತಲಿನ ಸಂದಿಯ ಲೆಕ್ಕ ಹಾಕಿ. ಎರಡೂ ತುದಿ ಸೇರಿ ಸುಮಾರು 5 ಚದರ ಮಿ.ಮೀ. ಅಂದರೆ ಎರಡೂವರೆ ಮಿ.ಮೀ. ಡ್ರಿಲ್ ಹಿಡಿದು ಕಾರ್ಬುರೇಟರಿಗೆ ಒಂದು ತೂತು ಕೊರೆದಷ್ಟು! ಐಡ್ಲಿಂಗಿನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ತಗಡು ಹೆಚ್ಚುಕಡಿಮೆ ಮುಚ್ಚಿರುತ್ತದೆ, ಅದರ ಕೆಳಗೆ ಎಂಜಿನ್ ಜೋರಾಗಿ ಹೀರುತ್ತಿರುತ್ತದೆ. ಈ ಸಂದಿಯಿಂದ ನುಗ್ಗುವ ಗಾಳಿಗೆ ತಕ್ಕ ಪೆಟ್ರೋಲ್ ಎಲ್ಲಿಂದಲೂ ಬರುವುದಿಲ್ಲ. 1 ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಸಾಕು. ಅದಕ್ಕಿಂತ ತೀರಾ ಜಾಸ್ತಿಯಾದರೆ ಕಿಡಿ ಹಾರಿದರೂ ಮಿಶ್ರಣ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ. ಹೈವೇಯಲ್ಲಿ ತಗಡು ಅಗಲವಾಗಿ ತೆರೆದಿರುವಾಗ ಇಷ್ಟು ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ.

ಸುಮ್ನೆ ಹೊಸ ಕಾರ್ಬುರೇಟರ್ ಹಾಕಬಾರದೇ? ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ದಾಟಿದೆ. ಡೂಪ್ಲಿಕೇಟ್ ಸಿಗಬಹುದು. ಆದರೆ ಒಳಗಿನ ಕೂದಲೆಳೆ ದಾರಿಗಳು, ಜೆಟ್‌ಗಳು ಒರಿಜಿನಲ್ ಅಳತೆಯಲ್ಲೇ ಇರುತ್ತವೆಂಬ ಭರವಸೆ ನನಗಂತೂ ಇಲ್ಲ. ಹಳೆಯದರಲ್ಲಿ ಸವೆದಿರುವುದು ಎರಡು ತೂತು ಮಾತ್ರ. ಉಳಿದದ್ದೆಲ್ಲ ಕಾರ್ಖಾನೆ ಕೊಟ್ಟ ಅಳತೆಯೇ. ಹೋದಷ್ಟನ್ನು ಮಾತ್ರ ತುಂಬಿಕೊಟ್ಟರಾಯಿತು.

ಅದಕ್ಕೆ ಬೇಕಾದವರು ಲೋಹ ಕಡೆಯುವ ಲೇತ್ ಕೆಲಸದವರು. ಈ ಸೀಮೆಗೆ ಲೇತ್ ಹೊಸದಲ್ಲ. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ತಯಾರಿಸುತ್ತಿದ್ದುದೇ ಲೇತ್‌ಗಳನ್ನು. ಕಾರ್ಖಾನೆ ಮುಚ್ಚಿತು, ಅದರ ಮೆಷಿನ್‌ಗಳು ಇನ್ನೂ ತಿರುಗುತ್ತಿವೆ.

ಲೇತ್‌ನವರು ತೂತನ್ನು 10 ಮಿ.ಮೀ.ಗೆ ದೊಡ್ಡದು ಮಾಡಿ, ಹೊರ ಅಳತೆಯಲ್ಲಿ ಅದಕ್ಕಿಂತ 0.02 ಮಿ.ಮೀ. ಹೆಚ್ಚು ದಪ್ಪ ಇರುವ ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಷ್, ಅಂದರೆ ಶಾಫ್ಟ್ ಕೂರುವ ಪುಟ್ಟ ಕೊಳವೆ, ಕಡೆದು ಕೊಡುತ್ತಾರೆ. ದಪ್ಪ ಬುಷ್ ಸಣ್ಣ ತೂತಿಗೆ ಹೋಗುವುದು ಹೇಗೆ? ಕಾರ್ಬುರೇಟರಿನ ಮೈ ಸಾಮಾನ್ಯವಾಗಿ ಸತುವಿನ ಮಿಶ್ರಲೋಹದ ಎರಕ. ಸುತ್ತಿಗೆ ತಗುಲಿದರೆ ಒಡೆಯಬಹುದು. ಗ್ಯಾಸ್ ಬೆಂಕಿ ಹಿಡಿದರೆ 400 ಡಿಗ್ರಿಗೂ ಮೊದಲೇ ಕರಗುತ್ತದೆ, ಕೆಂಪಾಗಿ ಎಚ್ಚರಿಸುವುದೂ ಇಲ್ಲ. ಇಲ್ಲಿ ಅಡುಗೆಮನೆಯೇ ವಾಸಿ. ಬುಷ್ ರಾತ್ರಿಯಿಡೀ ಫ್ರೀಜರಿನಲ್ಲಿರಲಿ. ಪೆಟ್ರೋಲಿನ ವಾಸನೆಯೂ ಉಳಿಯದಂತೆ ತೊಳೆದ ಮೈಯನ್ನು ಕುದಿಯುವ ನೀರಿಗೆ ಹಾಕಿ. (ಪಾತ್ರೆ ಹಳೆಯದಿರಲಿ, ಮನೆಯವರ ಬೈಗುಳ ತಪ್ಪುತ್ತದೆ.) 70 ಡಿಗ್ರಿ ಬಿಸಿಯೇರಿದರೆ ತೂತು ಸುಮಾರು 0.019 ಮಿ.ಮೀ. ಹಿಗ್ಗುತ್ತದೆ. 45 ಡಿಗ್ರಿ ತಣ್ಣಗಾದ ಬುಷ್ 0.008 ಕುಗ್ಗುತ್ತದೆ. ಒಟ್ಟು 0.027. ಬೇಕಿದ್ದದ್ದು 0.02. ತೆಗೆದ ತಕ್ಷಣ ನೇರವಾಗಿ ಒತ್ತಿದರೆ ಒಳಗೆ ಇಳಿಯುತ್ತದೆ. ಎರಡು ಉಸಿರು ತಡಮಾಡಿದರೆ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ.

ಆಮೇಲೆ ಎರಡೂ ಬುಷ್‌ಗಳೊಳಗೆ ಒಂದೇ ಉದ್ದ ರೀಮರ್ (ತೂತನ್ನು ಸರಿಯಾದ ಅಳತೆಗೆ ಹೆರೆಯುವ ಉಪಕರಣ) ಹಾಯಿಸಬೇಕು. ಬೇರೆ ಬೇರೆಯಾಗಿ ಮಾಡಿದರೆ ತೂತುಗಳು ಒಂದೇ ಗೆರೆಗೆ ಬರದೆ ಶಾಫ್ಟ್ ಬಿಗಿಯುತ್ತದೆ.

ಹಳೆಯ ಸೋರಿಕೆಗೆ ಹೊಂದಿಸಲೆಂದು ಯಾರೋ ಐಡ್ಲಿಂಗಿನ ಪೆಟ್ರೋಲ್ ಹೆಚ್ಚುಕಡಿಮೆ ಮಾಡುವ ಮಿಕ್ಸ್ಚರ್ ಸ್ಕ್ರೂವನ್ನು ವರ್ಷಗಟ್ಟಲೆ ಬಿಚ್ಚುತ್ತಾ ಬಂದಿರುತ್ತಾರೆ. ಹಾಗೇ ಬಿಟ್ಟರೆ ಈಗ ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಕಪ್ಪಾಗುತ್ತದೆ. ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಅಲ್ಲಿಂದ ಸುಮಾರು ಒಂದೂವರೆ ಸುತ್ತು ಹೊರಗೆ ತನ್ನಿ. ಉಳಿದದ್ದನ್ನು ಎಂಜಿನ್ ಬಿಸಿಯಾದ ಮೇಲೆ ಅದರ ಶಬ್ದ ಕೇಳುತ್ತಾ ಹೊಂದಿಸಿ.