ಬೆಳೆ ಅವರದು, ಬೆಲೆ ಯಾರದು?

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಬಿತ್ತನೆ ನಡೆಯುವುದು ಮೇ ತಿಂಗಳಲ್ಲಿ. ಏನು ಬಿತ್ತಬೇಕು ಅನ್ನುವ ಲೆಕ್ಕ ಮಾತ್ರ ಹೊಲದ ಮೇಲೆ ಇನ್ನೂ ಹಿಮ ಇರುವಾಗಲೇ ಶುರುವಾಗುತ್ತದೆ. ಗೋಧಿಯೋ, ಕೆನೋಲಾ ಎಣ್ಣೆಕಾಳೋ, ಮಸೂರವೋ, ಹಳದಿ ಬಟಾಣಿಯೋ? ವರ್ಷಕ್ಕೆ ಒಂದೇ ಬೆಳೆ. ಲೆಕ್ಕ ತಪ್ಪಿದರೆ ಇನ್ನೊಂದು ಮೇ ಬರಬೇಕು. ಈ ಲೆಕ್ಕದಲ್ಲಿ ಮಳೆ, ಮಣ್ಣು, ಗೊಬ್ಬರದ ಜೊತೆ ದೆಹಲಿ ಮತ್ತು ಬೀಜಿಂಗ್ ಕೂಡ ಸೇರಿವೆ.

ಆ ಬಯಲು ಸೀಮೆಯ ರೈತರ ಮೊದಲ ದೊಡ್ಡ ಜಗಳ ರೈಲು ಡಬ್ಬಿಗಾಗಿ ನಡೆದದ್ದು. 1901ರಲ್ಲಿ ಫಸಲು ಭರ್ಜರಿ ಬಂತು, ಸಾಗಿಸಲು ಡಬ್ಬಿಗಳೇ ಸಾಲಲಿಲ್ಲ. ಇದ್ದ ಡಬ್ಬಿಗಳು ಎಲಿವೇಟರ್, ಅಂದರೆ ರೈಲು ಹಳಿಯ ಪಕ್ಕದ ಎತ್ತರದ ಕಣಜಗಳ ಕಂಪನಿಗಳಿಗೆ ಹೋಗುತ್ತಿದ್ದವು. ಇಂಡಿಯನ್ ಹೆಡ್ ಎಂಬ ಊರಲ್ಲಿ ರೈತರು ಸಂಘ ಕಟ್ಟಿದರು. ಮರುವರ್ಷ ಸಿಂಟಲೂಟ ಎಂಬ ಊರಿನ ರೈಲ್ವೆ ಏಜೆಂಟ್ ಮೇಲೆ ಕೇಸು ಹಾಕಿ ಗೆದ್ದರು. ದಂಡ ಬರೀ 50 ಡಾಲರ್. ಆದರೆ ಡಬ್ಬಿಗೆ ರೈತನೂ ಸರದಿಯಲ್ಲಿ ನಿಲ್ಲಬಹುದು ಅನ್ನುವುದು ಗಟ್ಟಿಯಾಯಿತು.

1923–24ರಲ್ಲಿ ರೈತರೇ ‘ಪೂಲ್’ ಎಂಬ ಸಹಕಾರಿ ಸಂಸ್ಥೆಗಳನ್ನು ಕಟ್ಟಿ ಗೋಧಿಯನ್ನು ಒಟ್ಟಿಗೆ ಮಾರತೊಡಗಿದರು. 1929ರಲ್ಲಿ ಇವು ಬುಶೆಲ್‌ಗೆ, ಅಂದರೆ ಸುಮಾರು 27 ಕೆ.ಜಿ. ಗೋಧಿಗೆ, ಒಂದು ಡಾಲರ್ ಮುಂಗಡ ಕೊಟ್ಟವು. ಅಷ್ಟರಲ್ಲಿ ಮಾರುಕಟ್ಟೆ ಕುಸಿಯಿತು. 1932ರ ಕೊನೆಗೆ ಬೆಲೆ 40 ಸೆಂಟ್‌ಗಿಂತ ಕೆಳಗೆ. ಪೂಲ್‌ಗಳು ಸಾಲದಲ್ಲಿ ಮುಳುಗಿದವು, ಸರ್ಕಾರ ಕೈ ಹಾಕಿತು. 1935ರಲ್ಲಿ ಹುಟ್ಟಿದ ಕೆನಡಿಯನ್ ವೀಟ್ ಬೋರ್ಡ್‌ಗೆ 1943ರಲ್ಲಿ ಗೋಧಿ ಮಾರಾಟದ ಪೂರ್ತಿ ಹಕ್ಕು ಸಿಕ್ಕಿತು.

ಬೋರ್ಡ್‌ನ ಕೆಲಸ ಸರಳ. ಕಾಳು ತಂದಾಗ ಒಂದಷ್ಟು ದುಡ್ಡು, ಎಲ್ಲರ ಗೋಧಿ ಮಾರಿದ ಮೇಲೆ ಉಳಿದದ್ದರಲ್ಲಿ ಪಾಲು. ಒಂದೇ ದರ್ಜೆಯ ಕಾಳಿಗೆ ಸೆಪ್ಟೆಂಬರಲ್ಲಿ ತಂದರೂ ಮಾರ್ಚ್‌ನಲ್ಲಿ ತಂದರೂ ದರ ಒಂದೇ. ಯಾವಾಗ ಮಾರಬೇಕು ಅನ್ನುವ ತಲೆನೋವು ಇರಲಿಲ್ಲ. ಬೇಕಾದಾಗ ಮಾರುವ ಸ್ವಾತಂತ್ರ್ಯವೂ ಇರಲಿಲ್ಲ. ಇಷ್ಟು ಕಾಳು ತರಬಹುದು ಅನ್ನುವ ಕೋಟಾ ಬಂದಾಗಲೇ ಕಾಳು ಹೊರಗೆ. 1970ರಲ್ಲಿ ಮಾರಾಟವಾಗದ ಗೋಧಿ ಗುಡ್ಡೆ ಬಿದ್ದಾಗ ಸರ್ಕಾರ ವಿಚಿತ್ರ ಕೆಲಸ ಮಾಡಿತು. ಗೋಧಿ ಬಿತ್ತದೆ ಹೊಲ ಪಾಳು ಬಿಟ್ಟರೆ ಎಕರೆಗೆ 6 ಡಾಲರ್! ಆ ವರ್ಷ ಗೋಧಿ ಹೊಲ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು.

ಬೋರ್ಡ್ ಹೋದದ್ದು 2012ರಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ನನಗೇನೋ ಅದರ ಬುಡ ಸಡಿಲವಾಗಿದ್ದು 1970ರ ದಶಕದಲ್ಲೇ ಅನ್ನಿಸುತ್ತದೆ. 1974ರಲ್ಲಿ ಪಕ್ಕದ ಮ್ಯಾನಿಟೋಬಾ ಪ್ರಾಂತ್ಯದ ಬಾಲ್ಡರ್ ಸ್ಟೆಫಾನ್ಸನ್ ಅಡುಗೆಗೆ ಒಗ್ಗುವ ಕೆನೋಲಾದ ಮೊದಲ ತಳಿ ತಂದರು. 1978ರಲ್ಲಿ ಸಸ್ಕಾಚೆವಾನ್ ವಿಶ್ವವಿದ್ಯಾಲಯದ ಆಲ್ ಸ್ಲಿಂಕರ್ಡ್ ‘ಲೇರ್ಡ್’ ಎಂಬ ಮಸೂರ ತಳಿ ಬಿಟ್ಟರು. ಎರಡೂ ಬೋರ್ಡ್‌ನ ಕೈಗೆ ಸಿಗದ ಬೆಳೆಗಳು. ಬೆಲೆಯನ್ನು ರೈತನೇ ಕುದುರಿಸಿಕೊಳ್ಳಬೇಕು. 1995ರಲ್ಲಿ ರೈಲು ಸಾಗಣೆಯ ಸಬ್ಸಿಡಿ ನಿಂತ ಮೇಲಂತೂ ಬಂದರಿನಿಂದ ದೂರವಿರುವ ಸಸ್ಕಾಚೆವಾನ್‌ಗೆ ಗೋಧಿ ಅಷ್ಟು ಗಿಟ್ಟಲಿಲ್ಲ. ಜನ ಜಾಸ್ತಿ ಬೆಲೆಯ ಕಾಳಿನತ್ತ ತಿರುಗಿದರು.

ಬೋರ್ಡ್ ಬೇಕೋ ಬೇಡವೋ ಅಂತ ಊರೂರಲ್ಲಿ ಜಗಳ. ನಮ್ಮ ಎಪಿಎಂಸಿ ಗಲಾಟೆ ನೆನಪಾಗುತ್ತದೆ ಅಲ್ವಾ? 2002ರಲ್ಲಿ ಆಲ್ಬರ್ಟಾ ಪ್ರಾಂತ್ಯದ 13 ರೈತರು ಜೈಲಿಗೇ ಹೋದರು. ಬೋರ್ಡ್‌ನ ಅನುಮತಿ ಇಲ್ಲದೆ ಗೋಧಿಯನ್ನು ಅಮೆರಿಕದ ಗಡಿ ದಾಟಿಸಿದ್ದರು, ದಂಡ ಕಟ್ಟಲು ಒಪ್ಪಲಿಲ್ಲ. 2011ರಲ್ಲಿ ಬೋರ್ಡ್ ತಾನೇ ನಡೆಸಿದ ಮತದಾನದಲ್ಲಿ ಗೋಧಿ ಬೆಳೆಗಾರರ ಶೇ 62ರಷ್ಟು ಮತ ಬೋರ್ಡ್ ಪರ ಬಿತ್ತು. ಸರ್ಕಾರ ಕೇಳಲಿಲ್ಲ. 2012ರ ಆಗಸ್ಟ್ 1ಕ್ಕೆ ಏಕಸ್ವಾಮ್ಯ ಮುಗಿಯಿತು.

ಈಗ ರೈತನೇ ದಲ್ಲಾಳಿಯಷ್ಟು ಲೆಕ್ಕ ಕಲಿಯಬೇಕು. ಬಿತ್ತುವ ಮೊದಲೇ ಒಂದಿಷ್ಟು ಫಸಲಿಗೆ ಕರಾರು ಮಾಡಿಕೊಂಡರೆ ಬೆಲೆ ಭದ್ರ, ಫಸಲು ಮಾತ್ರ ಭದ್ರವಲ್ಲ. 2021ರ ಬರದಲ್ಲಿ ಕೆನೋಲಾ ಒಣಗಿತು, ಬೆಲೆ ಆಕಾಶಕ್ಕೇರಿತು. ಕರಾರಿನಷ್ಟು ಕಾಳು ಕೊಡಲಾಗದವರು ಬೆಲೆಯ ವ್ಯತ್ಯಾಸವನ್ನು ಕೈಯಿಂದ ಕಟ್ಟಬೇಕಾಯಿತು. ಬೆಲೆ ಏರಿದರೂ ನಷ್ಟ!

ಇನ್ನು ನಮ್ಮ ಪಾಲು. ಅವರ ಹಳದಿ ಬಟಾಣಿ ಇಲ್ಲಿ ಕಡಲೆಹಿಟ್ಟಿನಲ್ಲಿ ಸದ್ದಿಲ್ಲದೆ ಬೆರೆಯುತ್ತದೆ. ಅಗ್ಗದ ಬಟಾಣಿ ಬಂದು ಬೇಳೆಕಾಳಿನ ಬೆಲೆ ಕೆಡುತ್ತದೆ ಅನ್ನುವುದು ಕಲಬುರಗಿಯ ತೊಗರಿ ಬೆಳೆಗಾರರ ದೂರು. 2017ರ ನವೆಂಬರಲ್ಲಿ ಭಾರತ ಬಟಾಣಿಗೆ ಶೇ 50 ಸುಂಕ ಹಾಕಿತು. ಮರುವರ್ಷ ಅಲ್ಲಿ ಬಟಾಣಿ ಬಿತ್ತನೆ ಇಳಿಯಿತು. 2023ರ ಡಿಸೆಂಬರಲ್ಲಿ ಭಾರತ ಸುಂಕ ತೆಗೆದುಹಾಕಿತು. 2025ರ ಮಾರ್ಚ್‌ನಲ್ಲಿ ಚೀನಾ ಕೆನಡಾದ ಬಟಾಣಿ ಮತ್ತು ಕೆನೋಲಾ ಎಣ್ಣೆಗೆ ಶೇ 100 ಸುಂಕ ಹೇರಿದಾಗ ಉಳಿದ ಆಸೆ ಭಾರತದ ಮೇಲೆಯೇ. ಮೇ ಕೊನೆಗೆ ದೆಹಲಿ ಹೇಳಿತು: 2026ರ ಮಾರ್ಚ್‌ವರೆಗೆ ಸುಂಕ ಇಲ್ಲ. ನವೆಂಬರ್ 1ಕ್ಕೆ ಶೇ 30 ಸುಂಕ ಬಂತು. ಅಷ್ಟೊತ್ತಿಗೆ ಬಟಾಣಿ ಕಣಜ ಸೇರಿ ಎರಡು ತಿಂಗಳಾಗಿತ್ತು.