ಜಾನ್ ವೆಸ್ಲಿ ವೈದ್ಯರ ವಿರೋಧಿಯೇ?

ಪ್ರಶ್ನೆ: ಕ್ರೈಸ್ತರ ಮೆಥೋಡಿಸ್ಟ್ ಪಂಥ ಕಟ್ಟಿದ ಇಂಗ್ಲೆಂಡಿನ ಜಾನ್ ವೆಸ್ಲಿ ಮನೆಮದ್ದಿನ ಪುಸ್ತಕವನ್ನೂ ಬರೆದಿದ್ದರಂತೆ. ಹಾಗಾದರೆ ಮೊದಲ ಮೆಥೋಡಿಸ್ಟರು ವೈದ್ಯರನ್ನು ದೂರವಿಟ್ಟು ಪ್ರಾರ್ಥನೆ, ನಾರುಬೇರುಗಳನ್ನೇ ನೆಚ್ಚಿಕೊಂಡಿದ್ದರೇ?

ಇಲ್ಲ. ವೆಸ್ಲಿಯ ಮುಖ್ಯ ತಕರಾರು ಇದ್ದದ್ದು ವೈದ್ಯಕೀಯದ ದುಬಾರಿತನದ ಬಗ್ಗೆ, ಹತ್ತಾರು ಸಾಮಗ್ರಿ ಕಲಸಿ ಕೊಡುತ್ತಿದ್ದ ಔಷಧಗಳ ಬಗ್ಗೆ. 1746ರ ಡಿಸೆಂಬರ್‌ನಲ್ಲಿ, ಬಡವರಿಗೆ ತಾವೇ ಔಷಧ ಕೊಡುವುದಾಗಿ ಲಂಡನ್ನಿನ ತಮ್ಮ ಸಂಘದವರಿಗೆ ಹೇಳಿದರು. ಮರುದಿನವೇ ಸುಮಾರು 30 ಜನ ಬಂದರು. ಮೂರು ವಾರ ಕಳೆಯುವಷ್ಟರಲ್ಲಿ ಸುಮಾರು 300. ನೆರವಿಗೆ ಒಬ್ಬ ಔಷಧಗಾರ, ಒಬ್ಬ ನುರಿತ ಶಸ್ತ್ರವೈದ್ಯ ಇದ್ದರು. ಜಟಿಲ ಕಾಯಿಲೆಗಳಿಗೆ ಕೈಹಾಕದೆ, ರೋಗಿಗೆ ಬೇಕಾದ ವೈದ್ಯರ ಬಳಿಗೇ ಕಳಿಸಬೇಕೆಂದು ಮೊದಲೇ ತೀರ್ಮಾನಿಸಿದ್ದರು. 1753ರಲ್ಲಿ ತಾವೇ ಕಾಯಿಲೆ ಬಿದ್ದಾಗಲೂ ಡಾಕ್ಟರ್ ಫಾದರ್‌ಗಿಲ್ ಹೇಳಿದಂತೆ ಊರು ಬಿಟ್ಟು ಹಳ್ಳಿಗಾಳಿ, ವಿಶ್ರಾಂತಿ, ಕತ್ತೆಹಾಲಿನ ಪಥ್ಯಕ್ಕೆ ಹೊರಟರು.

ನೀವು ಕೇಳಿರುವ ಪುಸ್ತಕ 1747ರ ‘ಪ್ರಿಮಿಟಿವ್ ಫಿಸಿಕ್’. ಒಂದೊಂದು ಕಾಯಿಲೆಗೆ ಹಲವು ಮದ್ದು. ಹೆಚ್ಚಿನವು ತಣ್ಣೀರು, ಜೇನು, ಈರುಳ್ಳಿಯಂಥ ಅಗ್ಗದ ವಸ್ತುಗಳವು. ಬೋಳುತಲೆಗೆ ಕೆಂಪಾಗುವವರೆಗೆ ಈರುಳ್ಳಿ ಉಜ್ಜಿ, ಮೇಲೆ ಜೇನು ಸವರಬೇಕು! (ನಮ್ಮಲ್ಲೂ ಈರುಳ್ಳಿ ರಸದ ಸಲಹೆ ಇನ್ನೂ ಓಡಾಡುತ್ತಿದೆ.) ಗುಣ ಕಂಡಿದೆ ಅನ್ನಿಸಿದವುಗಳ ಮುಂದೆ ಮುಂದಿನ ಮುದ್ರಣಗಳಲ್ಲಿ ‘ಪರೀಕ್ಷಿಸಿದ್ದು’ ಎಂದು ಗುರುತು ಹಾಕಿದರು. ಆದರೆ ಆ ಪರೀಕ್ಷೆಗೆ ಇಂದಿನ ಅರ್ಥ ಹಚ್ಚಬಾರದು. ತಾನಾಗಿ ವಾಸಿಯಾದವರೆಷ್ಟು, ಮದ್ದಿನಿಂದ ವಾಸಿಯಾದವರೆಷ್ಟು ಎಂದು ಯಾರೂ ಬೇರ್ಪಡಿಸಿ ನೋಡಿರಲಿಲ್ಲ.

‘ನೈಸರ್ಗಿಕ ಚಿಕಿತ್ಸೆ’ ಎಂದು ಇದನ್ನು ಸಾರಾಸಗಟಾಗಿ ಕರೆಯುವುದೂ ಕಷ್ಟ. 1756ರಿಂದ ವೆಸ್ಲಿ ವಿದ್ಯುತ್ ಯಂತ್ರ ಇಟ್ಟು ರೋಗಿಗಳಿಗೆ ಆಘಾತ ಕೊಡಿಸುತ್ತಿದ್ದರು. ಜನ ಹೆಚ್ಚಾಗಿ ಲಂಡನ್ನಿನ ನಾಲ್ಕು ಕಡೆ ಅದನ್ನು ನಡೆಸಬೇಕಾಯಿತು. ಇನ್ನೊಂದೆಡೆ ಅಫೀಮು, ಸಿಂಕೋನಾ ತೊಗಟೆ, ಕಬ್ಬಿಣ, ಬಹುಪಾಲು ಪಾದರಸದ ಔಷಧಗಳು ಸಾಮಾನ್ಯರ ದೇಹಕ್ಕೆ ಅತಿ ತೀಕ್ಷ್ಣವೆಂದು ಬದಿಗಿಟ್ಟರು. ಪಾದರಸದ ವಿಷಯದಲ್ಲಿ ಅವರ ಅಂಜಿಕೆ ಸರಿ. ಸಿಂಕೋನಾ ವಿಷಯದಲ್ಲಿ ದೊಡ್ಡ ತಪ್ಪು: ಮಲೇರಿಯಾದ ಮದ್ದು ಕ್ವಿನೈನ್ ಇರುವುದು ಆ ತೊಗಟೆಯಲ್ಲೇ, ಇಂಗ್ಲೆಂಡಿನ ಜೌಗು ನೆಲಗಳಲ್ಲಿ ಆಗ ಆ ಜ್ವರ ಇತ್ತು.

ವೈದ್ಯರು ಸುಮ್ಮನಿದ್ದರೇ? 1776ರಲ್ಲಿ ವಿಲಿಯಂ ಹಾಸ್ ಎಂಬ ವೈದ್ಯರು ಪುಸ್ತಕದ ಅಪಾಯಗಳನ್ನು ಒಂದೊಂದಾಗಿ ಎತ್ತಿ ತೋರಿಸಿ ಖಂಡನೆಯನ್ನೇ ಪ್ರಕಟಿಸಿದರು. ವೆಸ್ಲಿ ವಾದಕ್ಕಿಳಿಯಲಿಲ್ಲ. ‘ನಿಮ್ಮ ಟೀಕೆ ಬಂದ ಮೇಲೆ ಪುಸ್ತಕಕ್ಕೆ ಹಿಂದೆಂದೂ ಇಲ್ಲದ ಬೇಡಿಕೆ ಬಂದಿದೆಯೆಂದು ಪುಸ್ತಕ ವ್ಯಾಪಾರಿ ಹೇಳುತ್ತಿದ್ದಾನೆ’ ಎಂದು ಹಾಸ್‌ಗೆ ಪತ್ರಿಕೆಯಲ್ಲೇ ಉತ್ತರ ಕೊಟ್ಟರು.